ರಾಜಪಾರ್ಟಿನ ಬಾಟಲಿ

ಮಿಡಿಗೇಶಿ
18 ನವೆಂಬರ್ 2024

ಮಗಳು ಸಂಘಮಿತ್ರಾಗೆ,

ಕಾಗದ ಎಂದಮೇಲೆ ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಶುರು ಮಾಡುವುದು ವಾಡಿಕೆ. ನಾನು ಕ್ಷೇಮವಾಗಿಲ್ಲ ಎಂದು ನೀನೇ ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಊರಿಗೆಲ್ಲ ಸಾರಿದ್ದೀಯ. ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ.

ಫೋನ್ ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಬಿಟ್ಟರೂ ಸಿಟ್ಟು ಬಂದು ನಾನೇ ಕಟ್ ಮಾಡುತ್ತೇನೆ. ಏನಿದ್ದರೂ ಕಾಗದ ಬರಿ, ಕಾಗದ ಓದುವವನು ನಡುವೆ ಬಾಯಿ ಹಾಕುವಂತಿಲ್ಲ. ಈ ಊರಿನ ಪೋಸ್ಟ್‌ಮ್ಯಾನ್ ಆಗಿ ಕಂಡವರ ಮಕ್ಕಳ ಕಾಗದವನ್ನೆಲ್ಲ ಮನೆ ಮನೆಗೆ ಮುಟ್ಟಿಸಿದವನು ನಾನು. ನನ್ನ ಮಗಳದ್ದು ಒಂದಾದರೂ ನನ್ನ ಬಾಗಿಲಿಗೆ ಬರಲಿ.

ಅವತ್ತು ನೀನು ಪಾವಗಡದ ಬಸ್ಸಿಳಿದಾಗ ಚೀಲ ಇಸಿದುಕೊಳ್ಳೋಣ ಎಂದು ಹೋಟೆಲಿನ ಬೆಂಚಿನಿಂದ ಎದ್ದೆ. ಕಾಲು ತಡವರಿಸಿತು. ಕಂಬ ಹಿಡಿದುಕೊಂಡೆ. ಅಷ್ಟಕ್ಕೇ ನೀನು, “ಏನಪ್ಪಾ, ಮತ್ತೆ ಕುಡಿಯಾಕೆ ಶುರು ಮಾಡ್ಕಂಡಾ?” ಅಂದುಬಿಟ್ಟೆ. ಟೀ ಕುಡಿಯುತ್ತಿದ್ದ ಊರ ಯಜಮಾನರು ದೊಡ್ಡರಂಗಪ್ಪನವರು ಲೋಟ ಕೆಳಗಿಟ್ಟು ತಿರುಗಿ ನೋಡಿದರು. ಅವರ ಮುಖದಲ್ಲಿ ಮೂಡಿದ ನಗೆಯನ್ನು ನೀನು ನೋಡಲಿಲ್ಲ, ನಾನು ನೋಡಿದೆ.

ನೀನು ಹುಟ್ಟಿದ ವರ್ಷ ಬೌದ್ಧ ದೀಕ್ಷೆ ತಗೊಂಡವನು ನಾನು. ಪಂಚಶೀಲದ ಐದನೆಯದನ್ನು ಹೇಳುವಾಗ ನಿನ್ನನ್ನೇ ಎತ್ತಿಕೊಂಡಿದ್ದೆ. ಅಂದಿನಿಂದ ಹೆಂಡ, ಸಾರಾಯಿ, ಬ್ರಾಂದಿ ಯಾವುದನ್ನೂ ಮುಟ್ಟಿಲ್ಲ.

ಈಗ ಇನ್ನೊಂದು ವಿಷಯ. ಮಾರ್ಚ್‌ನಲ್ಲಿ ಊರಿನ ನಾಟಕ. ನಾಟಕದ ಮೇಷ್ಟ್ರು ಕಾಡಸಿದ್ದಪ್ಪನವರು ಎಲ್ಲರ ಕಂಠವನ್ನೂ ಹಾರ್ಮೋನಿಯಂ ಮುಂದೆ ಕೂರಿಸಿ ಪರೀಕ್ಷೆ ಮಾಡಿ ರಾಜಪಾರ್ಟನ್ನು ನನಗೆ ಕೊಟ್ಟಿದ್ದಾರೆ. ನಮ್ಮ ಕೇರಿಯವರಿಗೆ ಇದುವರೆಗೆ ಸಿಕ್ಕಿದ್ದೆಲ್ಲ ಬಾಗಿಲು ಕಾಯುವ ಪಾರ್ಟು, ಇಲ್ಲದಿದ್ದರೆ ಸುದ್ದಿ ತಂದು ಅಡ್ಡಬೀಳುವ ದೂತನ ಪಾರ್ಟು. ಈ ಸಲ ಕಿರೀಟ, ಗದೆ, ಸಿಂಹಾಸನ ಎಲ್ಲ ನನ್ನದು. ಬೌದ್ಧನಿಗೆ ಪುರಾಣದ ನಾಟಕ ಯಾಕೆ ಎಂದು ನೀನು ಕೇಳಬಹುದು. ಆ ಸಿಂಹಾಸನದ ಮೇಲೆ ಯಾರು ಕೂರಬಾರದು ಎಂದು ಇಷ್ಟು ಕಾಲ ಅಂದುಕೊಂಡಿದ್ದರೋ ಅವನು ಕೂತರೆ ಹೇಗಿರುತ್ತದೆ ಎಂದು ನೋಡಬೇಕು, ಅದಕ್ಕೆ.

ಇಂಥ ಹೊತ್ತಿನಲ್ಲಿ ನೀನು ಆಡಿದ ಮಾತು ಅದು. ಎಲ್ಲಿ ಆಡಿದೆಯೋ ಅಲ್ಲೇ ನಿಂತು ವಾಪಸ್ ತಗೋ. ಅಲ್ಲಿಯವರೆಗೆ ಈ ಮನೆಗೆ ಬರಬೇಡ.

ಇಂತಿ,
ಚಿಕ್ಕನರಸಯ್ಯ
ನಿವೃತ್ತ ಪೋಸ್ಟ್‌ಮ್ಯಾನ್


ಪಾವಗಡ
26 ನವೆಂಬರ್ 2024

ಅಪ್ಪ,

ನಿವೃತ್ತ ಪೋಸ್ಟ್‌ಮ್ಯಾನರಿಗೆ ನಮಸ್ಕಾರ. ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ನಿಂತು ನಿನ್ನ ಕಾಗದ ಓದಿದೆ. ಜ್ವರದ ಮಾತ್ರೆಗೆ ಬಂದಿದ್ದ ಅವ್ವನೊಬ್ಬಳು “ಏಮ್ಮಾ, ಏಡುಸ್ತುನ್ನಾವಾ?” ಅಂದಳು. ಅಳುತ್ತಿರಲಿಲ್ಲ, ಸಿಟ್ಟು ಬಂದಿತ್ತು.

ವಾಪಸ್ ತಗೊಳ್ಳುವುದಿಲ್ಲ. ನಿನ್ನ ಕಾಲು ನಿಲ್ಲುತ್ತಿರಲಿಲ್ಲ, ಕಣ್ಣು ಊದಿಕೊಂಡಿತ್ತು, ಮುಖ ದಪ್ಪಗಾಗಿತ್ತು. ಬಿಪಿ ಮಾತ್ರೆ ನುಂಗುವವನಿಗೆ ಬಿಪಿ ಇಳಿಯಬೇಕು. ನಿನ್ನದು ತಿಂಗಳಿಂದ ತಿಂಗಳಿಗೆ ಏರುತ್ತಿದೆ. ಮಾತ್ರೆ ಬಿಟ್ಟಿದ್ದೀಯ, ಇಲ್ಲವೇ ಉಪ್ಪಿನಕಾಯಿ ಬಿಟ್ಟಿಲ್ಲ, ಇಲ್ಲವೇ ನಾನು ಹೇಳಿದ್ದೇ ನಿಜ. ನಾನು ಬೇರೆ ಏನೆಂದುಕೊಳ್ಳಲಿ? ದೀಕ್ಷೆಗೆ ಮುಂಚಿನ ದಿನಗಳ ಬಗ್ಗೆ ಅಮ್ಮ ಏನನ್ನೂ ಮುಚ್ಚಿಟ್ಟಿಲ್ಲ.

ಮಧುಗಿರಿ ಡಾಕ್ಟರು ನೀರು ಹೋಗುವ ಮಾತ್ರೆಯನ್ನು ಜಾಸ್ತಿ ಮಾಡಿದ್ದಾರೆ. ಮೈಯಲ್ಲಿ ನಿಂತಿರುವ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಗೆ ಹಾಕಿ ಬಿಪಿ ಇಳಿಸುವ ಮಾತ್ರೆ ಅದು. ಪಾವಗಡ ಬಸ್ಸಿನ ಕಂಡಕ್ಟರ್ ಮಲ್ಲೇಶಣ್ಣನ ಕೈಲಿ ಕಳಿಸಿದ್ದೇನೆ. ಬೆಳಿಗ್ಗೆ ತಿಂಡಿಯಾದ ಮೇಲೆ ತಗೋ.

ಗ್ಯಾಸಿನ ಮಾತ್ರೆಯಿಂದ ಎದೆಯುರಿ ಹೋಗಲೇ ಇಲ್ಲ ಎಂದು ಅಮ್ಮನ ಹತ್ತಿರ ನನ್ನನ್ನು ಬೈದೆಯಂತೆ. ಮುದ್ದೆ ಉಂಡು, ತೇಗಿ, ಆಮೇಲೆ ನುಂಗಿದರೆ ಅದು ಏನು ಮಾಡೀತು? ಹೊಟ್ಟೆಯಲ್ಲಿ ಆಸಿಡ್ ಸುರಿಯುವ ಪಂಪುಗಳಿವೆ. ಊಟ ಬಿದ್ದ ತಕ್ಷಣ ಅವು ಶುರುವಾಗುತ್ತವೆ. ಆಗ ಮಾತ್ರೆ ರಕ್ತದಲ್ಲಿದ್ದರೆ ಮಾತ್ರ ಪಂಪು ನಿಲ್ಲುತ್ತದೆ. ನಿನಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಬಸ್ಸು ಬರುವ ಮುಂಚೆ ಅಂಚೆ ಚೀಲ ಕಟ್ಟಿರಬೇಕು. ಬಸ್ಸು ಹೋದಮೇಲೆ ಚೀಲ ಎತ್ತಿಕೊಂಡು ಓಡಿದರೆ ಏನು ಬಂತು? ಬರಿಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆ ಬಿಟ್ಟು ಉಣ್ಣು. ಎದೆಯುರಿಗೆ ಆ ಬಿಳಿ ಸಿರಪ್ ಕುಡಿಯುವುದಾದರೆ ಬೇರೆ ಮಾತ್ರೆಗಳಿಂದ ಎರಡು ಗಂಟೆ ದೂರವಿಡು. ಅದು ಕೆಲವು ಮಾತ್ರೆಗಳನ್ನು ತನ್ನ ಜೊತೆಗೇ ಕಟ್ಟಿಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತದೆ.

ಬೇರೆ ಯಾವುದಾದರೂ ಔಷಧಿ ತಗೊಳ್ಳುತ್ತಿದ್ದೀಯಾ? ಮುಚ್ಚಿಡದೆ ಬರಿ.

ಸಂಘಮಿತ್ರಾ


ಮಿಡಿಗೇಶಿ
6 ಡಿಸೆಂಬರ್ 2024

ಸಂಘಮಿತ್ರಾಗೆ,

ಇವತ್ತು ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಬೆಳಿಗ್ಗೆ ವಿಹಾರದಲ್ಲಿ ಮೇಣದ ಬತ್ತಿ ಹಚ್ಚಿ ಬಂದು ಬರೆಯಲು ಕೂತಿದ್ದೇನೆ. ಈ ದಿನ ಸುಳ್ಳು ಬರೆಯುವವನಲ್ಲ ನಾನು.

ಬೇರೆ ಯಾವ ಔಷಧಿಯನ್ನೂ ತಗೊಳ್ಳುತ್ತಿಲ್ಲ. ನೀನು ಕಳಿಸಿದ್ದನ್ನು ನೀನು ಹೇಳಿದ ಹೊತ್ತಿಗೆ ನಿನ್ನಮ್ಮ ಎದುರಿಗೆ ನಿಂತು ನುಂಗಿಸುತ್ತಾಳೆ. ನುಂಗಿದ ಮೇಲೆ ಬಾಯಿ ತೆಗೆಸಿ ನೋಡುತ್ತಾಳೆ, ಹಸುವಿನ ಹಲ್ಲು ನೋಡುವವರ ಹಾಗೆ. ಉಪ್ಪಿನಕಾಯಿ ಜಾಡಿ ಅಟ್ಟಕ್ಕೆ ಹೋಗಿದೆ.

ಆದರೂ ಕಾಲು ಸರಿಯಿಲ್ಲ. ಮೀನಖಂಡ ಹಿಡಿದುಕೊಳ್ಳುತ್ತದೆ. ಶಾಲೆ ಬಯಲಿನಲ್ಲಿ ತಾಲೀಮು ನಡೆಯುವಾಗ ಸಿಂಹಾಸನದಿಂದ ಎದ್ದು ಮೂರು ಹೆಜ್ಜೆ ಮುಂದೆ ಬಂದು ಗದೆ ಊರಿ ನಿಲ್ಲಬೇಕು. ಮೊನ್ನೆ ಏಳುವಾಗಲೇ ಮಂಡಿ ಮಡಚಿಕೊಂಡಿತು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ, “ನರಸಯ್ಯ, ರಾಜ ಸೋಲಬೌದು ಕಣಯ್ಯ, ಕುಸಿಯಂಗಿಲ್ಲ,” ಅಂದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. “ಮಗಳೇ ಹೇಳವ್ಳಲ್ಲ,” ಎಂದಿದ್ದು ನನಗೆ ಕೇಳಿಸಲಿ ಎಂದೇ.

ನೀನು ನೆಟ್ಟ ಬೀಜ ಚೆನ್ನಾಗಿ ಮೊಳೆತಿದೆ. ದೊಡ್ಡರಂಗಪ್ಪನವರು ನಾಟಕ ಕಮಿಟಿಯವರನ್ನು ಕರೆದು, “ಸ್ಟೇಜ್ ಮ್ಯಾಲೆ ಬಿದ್ರೆ ಊರ ಮರ್ವಾದೆ ಏನಾಯ್ತದೆ? ಆ ಜನ ಎಷ್ಟಾದ್ರೂ ಬಾಟ್ಲಿ ಬಿಡಾಕಿಲ್ಲ,” ಅಂದರಂತೆ. ಅವರ ತಮ್ಮನ ಮಗ ನಾಗಭೂಷಣ್ ರಾಜಪಾರ್ಟಿನ ಪದ್ಯಗಳನ್ನು ಮೊಬೈಲಿನಲ್ಲಿ ಕೇಳಿಕೊಂಡು ಕಲಿಯುತ್ತಿದ್ದಾನೆ. ಅವನ ಕಂಠ ಒಡೆದ ಮಡಕೆ. ನನ್ನದು ಗೊತ್ತಲ್ಲ, ಕಾಗದ ಬಂದಿದೆ ಎಂದು ಊರಾಚೆ ನಿಂತು ಕೂಗಿದರೆ ಬೆಟ್ಟದ ಮೇಲಿನ ಕೋಟೆಯಿಂದ ಓಗೊಟ್ಟ ಹಾಗೆ ಕೇಳುತ್ತಿತ್ತು. ಈಚೆಗೆ ಗಂಟಲು ಸ್ವಲ್ಪ ಕಟ್ಟುತ್ತಿದೆ. ಅದಕ್ಕೆ ದಾರಿ ಮಾಡಿಕೊಂಡಿದ್ದೇನೆ, ಅದು ನಿನ್ನ ಚಿಂತೆಯಲ್ಲ.

ಪಾರ್ಟು ಬಿಡುವುದಿಲ್ಲ. ನನ್ನ ಕಾಲು ಬಿದ್ದರೂ ನನ್ನ ಕಂಠ ಬೀಳುವುದಿಲ್ಲ.

ಚಿಕ್ಕನರಸಯ್ಯ


ಪಾವಗಡ
23 ಡಿಸೆಂಬರ್ 2024

ಅಪ್ಪ,

ನಿನ್ನೆ ಭಾನುವಾರ ಮಿಡಿಗೇಶಿಗೆ ಬಂದಿದ್ದೆ. ನಿನಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಹೋಟೆಲಿನ ಮುಂದೆ ನಿಂತು ಮಾತು ವಾಪಸ್ ತಗೊಳ್ಳೋಣ ಎಂದೇ ಹೊರಟಿದ್ದೆ. ನಿನ್ನ ಹಿಂದಿನ ಕಾಗದವನ್ನು ಮತ್ತೆ ಮತ್ತೆ ಓದಿ ನನಗೇ ನಾಚಿಕೆಯಾಗಿತ್ತು.

ಮೊದಲು ನಿನ್ನ ತಾಲೀಮು ನೋಡೋಣ ಎಂದು ಶಾಲೆಯ ಕಾಂಪೌಂಡಿನ ಹಿಂದೆ ಹೊಂಗೆ ಮರದ ಕೆಳಗೆ ನಿಂತೆ. ನಿನ್ನ ಪದ್ಯ ಮುಗಿಯಿತು. ನೀನು ಪಕ್ಕಕ್ಕೆ ಬಂದು, ಆಚೀಚೆ ನೋಡಿ, ಪಂಚೆಯ ಗಂಟಿನಿಂದ ಕ್ವಾರ್ಟರ್ ಬಾಟಲಿ ತೆಗೆದು ಎತ್ತಿ ಕುಡಿದೆ. ಬಾಯಿ ಒರೆಸಿಕೊಂಡು ಮತ್ತೆ ಸಿಕ್ಕಿಸಿಕೊಂಡೆ. ಮುಂದಿನ ದೃಶ್ಯದಲ್ಲಿ ಸಿಂಹಾಸನದಿಂದ ಏಳಲು ಇಬ್ಬರು ನಿನ್ನ ರಟ್ಟೆ ಹಿಡಿಯಬೇಕಾಯಿತು.

ಬಂದ ಬಸ್ಸಿಗೇ ವಾಪಸ್ ಬಂದೆ.

ಡಿಸೆಂಬರ್ ಆರರಂದು ಸುಳ್ಳು ಬರೆಯುವುದಿಲ್ಲ ಎಂದು ಬರೆದೆಯಲ್ಲ ಅಪ್ಪ, ಮೇಣದ ಬತ್ತಿ ಹಚ್ಚಿದ ಕೈಯಿಂದಲೇ? ದೊಡ್ಡರಂಗಪ್ಪನಂಥವರು ನಮ್ಮ ಬಗ್ಗೆ ಏನು ಹೇಳುತ್ತಾರೋ ಅದನ್ನೇ ನಿಜ ಮಾಡಿ ತೋರಿಸಬೇಕಾಗಿತ್ತಾ? ಮಾತ್ರೆಗಳನ್ನು ಮಾತ್ರ ಕಳಿಸುತ್ತೇನೆ. ಕಾಗದ ಬರೆಯಬೇಡ.

ಸಂಘಮಿತ್ರಾ


ಮಿಡಿಗೇಶಿ
27 ಡಿಸೆಂಬರ್ 2024

ಮೆಡಿಕಲ್ ಸ್ಟೋರಿನ ಸಂಘಮಿತ್ರಾ ಅವರಿಗೆ,

ಬರೆಯಬೇಡ ಎಂದರೆ ಬರೆಯುವವನೇ ನಾನು. ಇದನ್ನು ಅಂಚೆಗೆ ಹಾಕುತ್ತಿಲ್ಲ, ಮಲ್ಲೇಶನ ಕೈಲಿ ಬಾಟಲಿಯ ಸಮೇತ ಕಳಿಸುತ್ತಿದ್ದೇನೆ. ಅದೇ ಬಾಟಲಿ. ತೊಳೆದಿಲ್ಲ, ಬದಲಾಯಿಸಿಲ್ಲ, ಅರ್ಧ ಕುಡಿದದ್ದು ಹಾಗೇ ಇದೆ. ಮೂಸಿ ನೋಡು. ನಾಲಗೆಗೆ ಹಚ್ಚಿ ನೋಡು. ಸಾಲದಿದ್ದರೆ ಲ್ಯಾಬಿಗೆ ಕಳಿಸು. ಅದರೊಳಗೆ ಒಂದು ತೊಟ್ಟು ಹೆಂಡ ಸಿಕ್ಕಿದರೆ ನಾನೇ ಕಿರೀಟ ತಗೊಂಡು ಹೋಗಿ ದೊಡ್ಡರಂಗಪ್ಪನವರ ಕಾಲ ಬಳಿ ಇಡುತ್ತೇನೆ.

ಅದು ಅತಿಮಧುರದ ಕಷಾಯ. ಮಧುಗಿರಿಯ ಗ್ರಂಥಿಗೆ ಅಂಗಡಿಯಲ್ಲಿ ಕಡ್ಡಿ ತಂದು, ಕುಟ್ಟಿ, ಗಟ್ಟಿಯಾಗಿ ಬತ್ತಿಸಿದ್ದು. ನಾಟಕದವರ ಕಂಠಕ್ಕೆ ಅದಕ್ಕಿಂತ ದೊಡ್ಡ ದೇವರಿಲ್ಲ. ಮೇಷ್ಟ್ರು ದವಡೆಯಲ್ಲಿ ಒಂದು ಚೂರು ಇಟ್ಟುಕೊಂಡರೆ ಸಾಕು ಅಂದಿದ್ದರು. ನನಗೆ ಗಂಟಲೂ ಕಟ್ಟುತ್ತಿತ್ತು, ಎದೆಯೂ ಉರಿಯುತ್ತಿತ್ತು, ಕಷಾಯ ಕುಡಿದರೆ ಎರಡೂ ತಣ್ಣಗಾಗುತ್ತಿದ್ದವು. ಆದ್ದರಿಂದ ದಿನಕ್ಕೊಂದು ಬಾಟಲಿ ಮಾಡಿಕೊಂಡೆ. ಶ್ರಾವಣದಿಂದಲೂ ಕುಡಿಯುತ್ತಿದ್ದೇನೆ. ಪಂಚೆಯಲ್ಲಿ ಸಿಕ್ಕಿಸಿಕೊಳ್ಳಲು ಕ್ವಾರ್ಟರ್ ಬಾಟಲಿಗಿಂತ ಅನುಕೂಲವಾದದ್ದು ಇನ್ನೇನಿದೆ? ಆಚೀಚೆ ನೋಡಿದ್ದು ನಿಜ. ನೋಡಿದವರು ನಿನ್ನ ಹಾಗೇ ಅಂದುಕೊಳ್ಳುತ್ತಾರೆ ಎಂದೇ ನೋಡಿದೆ. ಕಂಡವರಿಗೆ ಹೆದರಿದೆ, ಸ್ವಂತ ಮಗಳಿಗೆ ಹೆದರಬೇಕು ಎಂದು ಹೊಳೆಯಲಿಲ್ಲ.

ಔಷಧಿ ತಗೋತೀಯಾ ಎಂದು ನೀನು ಕೇಳಿದೆ, ಇಲ್ಲ ಎಂದು ನಾನು ಬರೆದೆ. ಅತಿಮಧುರ ಔಷಧಿಯಾ? ನಮ್ಮಜ್ಜಿ ಕೆಮ್ಮುವ ಮಕ್ಕಳ ಬಾಯಿಗೆ ಇಡುತ್ತಿದ್ದ ಕಡ್ಡಿ ಅದು.

ನಿನ್ನೆ ತಾಲೀಮಿನಲ್ಲಿ ಬಿದ್ದೆ. ಈ ಸಲ ಯಾರೂ ನಗಲಿಲ್ಲ. ಎದೆ ಡವಡವ ಎಂದು ಹೊಡೆದುಕೊಂಡಿತು, ನಡುವೆ ಒಂದೊಂದು ಏಟು ತಪ್ಪಿದ ಹಾಗಾಯಿತು. ನಿನ್ನಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ಕೂತಿದ್ದಾಳೆ. ಮಗಳ ಬಾಯಿಂದ ಕುಡುಕ ಅನಿಸಿಕೊಂಡೇ ಸತ್ತರೆ ಹೆಣವೂ ಸುಮ್ಮನಿರುವುದಿಲ್ಲ, ತಿಳಿದಿರಲಿ.

ಚಿಕ್ಕನರಸಯ್ಯ


ಪಾವಗಡ
27 ಡಿಸೆಂಬರ್ 2024, ಮಧ್ಯಾಹ್ನ

ಅಪ್ಪ,

ಮಲ್ಲೇಶಣ್ಣ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದು, “ಏನಮ್ಮಾ, ಮಗಳಿಗೂ ಇದನ್ನ ಕಳಿಸ್ತಾರಾ ನಿಮ್ಮಪ್ಪ?” ಎಂದು ಪಿಸುಗುಟ್ಟಿದ. ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದೆ. ಸಿಹಿ ವಾಸನೆ ಬಂತು. ಕೂತು ನಕ್ಕೆ ಅಪ್ಪ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಆಮೇಲೆ ದಿನಕ್ಕೊಂದು ಬಾಟಲಿ ಎಂಬ ಸಾಲನ್ನು ಇನ್ನೊಮ್ಮೆ ಓದಿದೆ. ಓದುತ್ತಲೇ ಫೋನಿಗೆ ಕೈ ಹಾಕಿದೆ.

ನಿನಗೆ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಮ್ಮನಿಗೆ ಎಲ್ಲ ಹೇಳಿದ್ದೇನೆ. ಕಾರು ಮಾಡಿಕೊಂಡು ಈಗಲೇ ಮಧುಗಿರಿಗೆ ಹೊರಡಿ, ನಾನು ಇಲ್ಲಿಂದ ನೇರ ಅಲ್ಲಿಗೆ ಬರುತ್ತೇನೆ. ನೀನು ಹಟ ಹಿಡಿದು ಕೂರುತ್ತೀಯ ಎಂದು ಗೊತ್ತಿರುವುದರಿಂದಲೇ ಈ ಕಾಗದವನ್ನು ಹೊರಟಿರುವ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಕಾಗದ ಓದುವವನು ನಡುವೆ ಬಾಯಿ ಹಾಕುವಂತಿಲ್ಲ, ನೆನಪಿದೆಯಲ್ಲ?

ಒಂದು ತೊಟ್ಟು ಕಷಾಯವನ್ನೂ ಇನ್ನು ಮುಟ್ಟಬೇಡ. ಅತಿಮಧುರ ಹೊಟ್ಟೆಯನ್ನೂ ಗಂಟಲನ್ನೂ ತಂಪು ಮಾಡುವುದು ನಿಜ. ಆದರೆ ದಿನಾ ಕುಡಿದರೆ ಅದು ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಬಿಪಿ ಏರಿದ್ದು, ಮುಖ ಊದಿದ್ದು ಅದರಿಂದ. ಹಿಡಿದಿಟ್ಟದ್ದಕ್ಕೆ ಬದಲಾಗಿ ಪೊಟ್ಯಾಸಿಯಂ ಎಂಬ ಇನ್ನೊಂದು ಲವಣವನ್ನು ಮೂತ್ರದಲ್ಲಿ ಹೊರಗೆ ದೂಡುತ್ತದೆ. ಕಾಲಿನ ಸ್ನಾಯು ಕೆಲಸ ಮಾಡಬೇಕಾದರೂ, ಎದೆ ಸರಿಯಾಗಿ ಬಡಿಯಬೇಕಾದರೂ ಆ ಲವಣ ಬೇಕು. ನಾವು ಕೊಟ್ಟ ನೀರಿನ ಮಾತ್ರೆಯೂ ಅದನ್ನೇ ಹೊರಗೆ ಹಾಕುತ್ತದೆ. ನೀನು ಒಂದು ಕಡೆಯಿಂದ ಕುಡಿದೆ, ನಾನು ಇನ್ನೊಂದು ಕಡೆಯಿಂದ ಮಾತ್ರೆ ಕಳಿಸಿದೆ. ಬಿಪಿ ಇಳಿಯಲಿಲ್ಲ ಎಂದು ಮಾತ್ರೆ ಹೆಚ್ಚಿತು, ಮಾತ್ರೆ ಹೆಚ್ಚಿದಷ್ಟೂ ನಿನ್ನ ಕಾಲು ಸೋತಿತು. ಕಾಲು ಸೋತದ್ದನ್ನು ನೋಡಿ ನಾನು ಕುಡುಕ ಅಂದೆ.

ಏನು ಕುಡಿಯುತ್ತೀಯ ಎಂದು ನಿನ್ನನ್ನು ಕೇಳಿದ್ದೇನೆ, ಜಗಳ ತೆಗೆಯಲು ಕೇಳಿದ್ದೇನೆ. ಉತ್ತರ ಬೇಕೆಂದು ಒಂದು ಸಲವೂ ಕೇಳಲಿಲ್ಲ. ಬಯ್ಯುವುದೆಲ್ಲ ಆಮೇಲೆ ಬಯ್ಯಿ. ಈಗ ಏಳು, ಅಮ್ಮನ ಭುಜ ಹಿಡಿದುಕೋ, ಹೊರಡು.

ನಿನ್ನ ಮಿತ್ರಾ


ಮಿಡಿಗೇಶಿ
20 ಜನವರಿ 2025

ಸಂಘಮಿತ್ರಾಗೆ,

ಆಸ್ಪತ್ರೆಯಲ್ಲಿ ನೀನು ನನ್ನ ಕಾಲ ಬಳಿ ಕೂತಿದ್ದಷ್ಟು ದಿನವೂ ನಾವಿಬ್ಬರೂ ಮಾತಾಡಲಿಲ್ಲ. ಕೈಗೆ ಚುಚ್ಚಿದ ಸೂಜಿ ಇತ್ತು, ನರ್ಸ್ ಇದ್ದಳು, ನಿನ್ನಮ್ಮ ಇದ್ದಳು. ಮೂರೂವರೆಯ ಮೇಲಿರಬೇಕಾದ ಪೊಟ್ಯಾಸಿಯಂ ಎರಡೂವರೆಗೆ ಇಳಿದಿದೆ ಎಂದು ಡಾಕ್ಟರು ಹೇಳಿದಾಗ ನೀನು ಹೊರಗೆ ಎದ್ದು ಹೋದೆ. ಯಾಕೆ ಎಂದು ನಾನು ಕೇಳಲಿಲ್ಲ. ಆದ್ದರಿಂದ ಮತ್ತೆ ಕಾಗದವೇ ಗತಿ.

ಕಾಲಿಗೆ ಬಲ ಬಂದಿದೆ. ಕೋಟೆಯ ಬುಡದವರೆಗೆ ನಡೆದು ಬರುತ್ತೇನೆ. ಪೊಟ್ಯಾಸಿಯಂ ಸಿರಪ್ಪಿನ ರುಚಿಗೆ ಹೋಲಿಸಿದರೆ ಬೇವಿನ ರಸವೇ ಪಾಯಸ. ಊಟವಾದ ಮೇಲೆ, ನೀರು ಬೆರೆಸಿ, ನೀನು ಹೇಳಿದ ಹಾಗೇ ಕುಡಿದೆ. ಈಗ ಅದನ್ನೂ ನಿಲ್ಲಿಸಿದ್ದಾರೆ. ನೀರಿನ ಮಾತ್ರೆಯನ್ನು ಕಡಿಮೆ ಮಾಡಿದ್ದಾರೆ, ಆದರೂ ಬಿಪಿ ಇಳಿದಿದೆ. ವಿಚಿತ್ರವೆಂದರೆ ಗಂಟಲು. ರಾತ್ರಿ ಮುದ್ದೆ ಉಂಡು ಹಾಗೇ ಮಲಗುತ್ತಿದ್ದೆನಲ್ಲ, ಹೊಟ್ಟೆಯ ಆಸಿಡ್ ಮೇಲಕ್ಕೆ ಬಂದು ಗಂಟಲು ಕಟ್ಟುತ್ತಿತ್ತು ಎಂದರು ಡಾಕ್ಟರು. ಗ್ಯಾಸಿನ ಮಾತ್ರೆಯನ್ನು ಬಸ್ಸು ಬರುವ ಮುಂಚೆ ನುಂಗಿ, ಬೇಗ ಉಂಡು ಮಲಗಲು ಶುರು ಮಾಡಿದ ಮೇಲೆ ಕಷಾಯದ ಹಂಗಿಲ್ಲದೆ ಕಂಠ ಬಿಚ್ಚಿದೆ. ಇಷ್ಟು ಸಣ್ಣ ವಿಷಯಕ್ಕೆ ನಾನು ಬಾಟಲಿಗಟ್ಟಲೆ ಕುಡಿದೆ ನೋಡು.

ಈಗ ಜಗಳಕ್ಕೆ ಬರೋಣ.

ಡಾಕ್ಟರು, ಈ ವರ್ಷ ನಾಟಕ ಬಿಡಿ ಅಂದಿದ್ದಾರೆ. ದೊಡ್ಡರಂಗಪ್ಪನವರೂ ನೋಡಲು ಬಂದಿದ್ದರು. ಎಂದಿನಂತೆ ಹೊಸಿಲಾಚೆ ನಿಂತೇ, “ಮೈ ಸರಿಯಿಲ್ಲ ನಿಂಗೆ, ಕಿರೀಟ ನಾಗಭೂಷಣ್‌ಗೆ ಕೊಟ್ಬುಡು. ಕುಡಿಯೋದ್ನೂ ಬುಡು,” ಅಂದರು. ನಿನ್ನಮ್ಮ ಮಂಜಮ್ಮ ಕೂತಲ್ಲಿಂದಲೇ, “ಅದು ಕುಡ್ದಿದ್ದಲ್ಲ ಸ್ವಾಮಿ, ಅತಿಮಧುರ,” ಅಂದಳು. ಅವರು ನಕ್ಕು, “ಹೂಂ ಕಣಮ್ಮ, ಎಲ್ರಿಗೂ ಮಧುರಾನೇ ಅದು,” ಎಂದು ಹೋದರು.

ನೋಡಿದೆಯಾ? ನೀನು ಅಂದದ್ದನ್ನು ಊರು ನಂಬಿತು, ನಿನ್ನಮ್ಮ ಅಂದದ್ದನ್ನು ನಂಬಲಿಲ್ಲ. ಪಾರ್ಟು ಬಿಟ್ಟರೆ, ಕುಡಿದು ಕಾಲು ಬಿದ್ದವನು ಎಂದೇ ನನ್ನ ಹೆಸರು ಉಳಿಯುತ್ತದೆ. ನನಗೊಬ್ಬನಿಗೇ ಅಲ್ಲ, ಇಡೀ ಕೇರಿಗೆ. ಆಮೇಲೆ ನಮ್ಮ ಹುಡುಗರಿಗೆ ಮತ್ತೆ ಬಾಗಿಲು ಕಾಯುವ ಪಾರ್ಟೇ.

ನೀನು ಇನ್ನೂ ಮಾತು ವಾಪಸ್ ತಗೊಂಡಿಲ್ಲ.

ಚಿಕ್ಕನರಸಯ್ಯ


ಪಾವಗಡ
4 ಫೆಬ್ರವರಿ 2025

ಅಪ್ಪ,

ಆಸ್ಪತ್ರೆಯಲ್ಲಿ ಹೊರಗೆ ಹೋದದ್ದು ಅಳಲು. ನೀನು ಕೇಳಲಿಲ್ಲ, ನಾನೇ ಹೇಳಿದ್ದೇನೆ.

ಮೊದಲು ಕೌಂಟರಿನಲ್ಲಿ ಮಾತ್ರೆ ಕೊಟ್ಟು ಚಿಲ್ಲರೆ ಕೊಟ್ಟು ಕಳಿಸುತ್ತಿದ್ದೆ. ಈಗ ಬಿಪಿ ಮಾತ್ರೆ, ಎದೆ ಮಾತ್ರೆ ಕೇಳಿ ಬಂದವರನ್ನೆಲ್ಲ ನಿಲ್ಲಿಸುತ್ತೇನೆ. “ಇಂಟ್ಲೋ ಇಂಕೇಮನ್ನಾ ಕಷಾಯಂ ತಾಗುತುನ್ನಾವಾ ಅವ್ವಾ?” ಎಂದು ತೆಲುಗಿನಲ್ಲಿ, ಮನೆಯಲ್ಲಿ ಬೇರೇನಾದರೂ ಕಷಾಯ ಕುಡಿಯುತ್ತೀಯಾ ಎಂದು ಕೇಳಿದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಕ್ಯಾತಗಾನಚೆರ್ಲಿನ ತಾತನೊಬ್ಬ ಹೊಟ್ಟೆ ಕಟ್ಟುತ್ತದೆ ಎಂದು ದಿನಾ ಸೋನಾಮುಖಿ ತಿಂದು ಭೇದಿ ಮಾಡಿಕೊಳ್ಳುತ್ತಾನೆ, ಮೇಲೆ ನಿನ್ನ ಹಾಗೇ ನೀರಿನ ಮಾತ್ರೆ. ಅವನಿಗೂ ಮೀನಖಂಡ ಹಿಡಿಯುತ್ತಿತ್ತು. ಡಾಕ್ಟರ ಬಳಿ ಕಳಿಸಿದೆ. ಟೀಚರ್ ಒಬ್ಬರು ಥೈರಾಯ್ಡ್ ಮಾತ್ರೆಯ ಹಿಂದೆಯೇ ಇಸಬ್ಗೋಲ್ ಕುಡಿಯುತ್ತಿದ್ದರು, ಮಾತ್ರೆ ಮೈಗೆ ಹತ್ತುತ್ತಲೇ ಇರಲಿಲ್ಲ. ಯಾರೂ ಇದನ್ನು ಡಾಕ್ಟರಿಗೆ ಹೇಳಿಲ್ಲ, ಯಾಕೆಂದರೆ ಯಾರಿಗೂ ಅದು ಔಷಧಿ ಅಲ್ಲ. ನಮ್ಮ ಅಂಗಡಿಯ ಯಜಮಾನರು, “ಏನಮ್ಮಾ, ಕ್ಯೂ ಬೆಳೀತಿದೆ, ಎಲ್ರ ಮನೆ ಅಡುಗೆ ವಿಚಾರ ನಿನಗ್ಯಾಕೆ?” ಅಂದರು. ಬೆಳೆಯಲಿ ಬಿಡಿ ಸಾರ್ ಎಂದೆ. ನಾನೂ ನಿನ್ನ ಮಗಳೇ.

ನಾಟಕದ ವಿಷಯಕ್ಕೆ ಡಾಕ್ಟರ ಹತ್ತಿರ ನಾನೇ ಕೂತು ಮಾತಾಡಿದೆ. ತಿಂಗಳ ಕೊನೆಯಲ್ಲಿ ಮತ್ತೆ ರಕ್ತ ಪರೀಕ್ಷೆ, ಇಸಿಜಿ. ಎರಡೂ ಸರಿಯಿದ್ದರೆ ಆಡಬಹುದು, ಆದರೆ ಗದೆ ಹಗುರದ್ದಾಗಿರಬೇಕು ಅಂದರು. ಕಾಡಸಿದ್ದಪ್ಪ ಮೇಷ್ಟ್ರಿಗೂ ಫೋನ್ ಮಾಡಿದ್ದೆ. “ಕಿರೀಟ ನರಸಯ್ಯನ ತಲೆ ಅಳತೆಗೇ ಮಾಡ್ಸಿರೋದು ಕಣಮ್ಮ, ನಾಗಭೂಷಣ್ ತಲೆಗೆ ಅದು ಕಿವಿ ಮುಚ್ತದೆ,” ಅಂದರು.

ಇನ್ನು ನನ್ನ ಮಾತು. ಬಸ್ ಸ್ಟ್ಯಾಂಡಿನಲ್ಲಿ ವಾಪಸ್ ತಗೊಳ್ಳುವುದಿಲ್ಲ ಅಪ್ಪ, ಈಗಲೂ ಇಲ್ಲ. ಅಲ್ಲಿ ಟೀ ಕುಡಿಯಲು ನಾಲ್ಕು ಜನ ಕೂತಿರುತ್ತಾರೆ. ಮಾತು ಅಲ್ಲಿಂದ ಹೊರಟು ಊರೆಲ್ಲ ಸುತ್ತಿದೆ. ಸುತ್ತಿದ ಮಾತಿಗೆ ನಾಲ್ಕು ಜನ ಸಾಲದು. ನೀನು ನಿನ್ನ ಪದ್ಯ ಕಲಿ. ಆ ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು ಇಟ್ಟಿದ್ದೇನೆ, ನನಗೆ ಬೇಕು.

ನಿನ್ನ ಮಿತ್ರಾ


ಮಿಡಿಗೇಶಿ
12 ಮಾರ್ಚ್ 2025

ಮಗಳೇ ಮಿತ್ರಾ,

ನಾಟಕ ಮುಗಿದು ನೀನು ಡ್ಯೂಟಿಗೆ ಓಡಿದೆ. ಮುಖದ ಬಣ್ಣ ತೊಳೆಯುವಷ್ಟರಲ್ಲಿ ಬಸ್ಸು ಹೋಗಿತ್ತು. ಹೇಳಬೇಕಾದದ್ದು ಗಂಟಲಲ್ಲೇ ಉಳಿಯಿತು. ಈ ಸಲ ಆಸಿಡ್ಡಿನಿಂದಲ್ಲ.

ಹಗಲು ನಾಟಕಕ್ಕೆ ಅಷ್ಟು ಜನ ಬರುತ್ತಾರೆ ಎಂದು ಕಮಿಟಿಯವರೂ ಅಂದುಕೊಂಡಿರಲಿಲ್ಲ. ಮಧುಗಿರಿ, ಕೊರಟಗೆರೆ ಕಡೆಯಿಂದಲೂ ಟೆಂಪೋ ಮಾಡಿಕೊಂಡು ಬಂದಿದ್ದರು. ಅರ್ಧ ಜನ ನಾಟಕ ನೋಡಲು ಬಂದವರು, ಇನ್ನರ್ಧ ನಾನು ಬೀಳುವುದನ್ನು ನೋಡಲು ಬಂದವರು. ಪರದೆ ಎದ್ದಾಗ ನಾನು ಸಿಂಹಾಸನದ ಮೇಲೆ ಕೂತಿದ್ದೆ. ಮುಂದಿನ ಸಾಲಿನಲ್ಲಿ ದೊಡ್ಡರಂಗಪ್ಪನವರು ಕೈಕಟ್ಟಿಕೊಂಡು ನನ್ನ ಕಾಲನ್ನೇ ನೋಡುತ್ತಿದ್ದರು. ಎದ್ದೆ. ಮೂರು ಹೆಜ್ಜೆ ಬಂದೆ. ಗದೆ ಊರಿದೆ. ಮಂಡಿ ಕಲ್ಲಿನ ಹಾಗೆ ನಿಂತಿತು. ನಮ್ಮ ಕೇರಿಯವರು ಕೂತಿದ್ದ ಕಡೆಯಿಂದ ಶಿಳ್ಳೆ ಬಿತ್ತು.

ಎರಡನೇ ಅಂಕಕ್ಕೆ ಮುಂಚೆ ಹಾರ ಹಾಕುವವರು ಒಬ್ಬೊಬ್ಬರಾಗಿ ಸ್ಟೇಜ್ ಹತ್ತಿದರು. ಇಂಥವರು ಇಂಥವರಿಗೆ ಹಾರ ಹಾಕುತ್ತಿದ್ದಾರೆ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ನೀನು ಹಾರ ಹಿಡಿದು ಬಂದೆ. ಹಾಕಿ ಇಳಿದು ಹೋಗುತ್ತೀಯ ಎಂದುಕೊಂಡೆ. ನೀನು ಕೂಗುವವನ ಕೈಯಿಂದ ಮೈಕೇ ಕಿತ್ತುಕೊಂಡೆ.

ನೀನು ಆಡಿದ್ದನ್ನು ಬರೆದಿಡುತ್ತೇನೆ. ನನ್ನ ಕಿವಿ ನನಗೇ ಮೋಸ ಮಾಡಿತೋ ಎಂದು ನಿನ್ನಮ್ಮನನ್ನೂ ಕೇಳಿ ಖಚಿತ ಮಾಡಿಕೊಂಡಿದ್ದೇನೆ. “ನಾನು ಈ ರಾಜನ ಮಗಳು. ನಮ್ಮಪ್ಪ ಕುಡಿದವ್ನೆ ಅಂತ ಬಸ್ ಸ್ಟ್ಯಾಂಡಾಗೆ ಮೊದಲು ಅಂದೋಳು ನಾನೇ. ನಾನಂದದ್ದು ಸುಳ್ಳು. ಅವನ ಬಾಟ್ಲಿಯಾಗೆ ಇದ್ದದ್ದು ಗಂಟಲಿನ ಕಷಾಯ, ನಾನು ಕೊಟ್ಟ ಮಾತ್ರೆ ಜೊತೆ ಸೇರಿ ಅದು ಅವನ ಕಾಲು ಎಳೀತು. ಸುಳ್ಳು ಹೇಳ್ದೋಳು ನಾನು, ಅದನ್ನ ಹೊತ್ಕಂಡು ತಿರುಗ್ದೋರು ನೀವು. ನನ್ನ ಪಾಲಿಂದು ನಾನು ಇವತ್ತು ವಾಪಸ್ ತಗಂಡಿವ್ನಿ. ನಿಮ್ಮದು ನಿಮಗೆ ಬಿಟ್ಟಿದ್ದು.”

ಆಮೇಲೆ ಚೀಲದಿಂದ ಆ ಕ್ವಾರ್ಟರ್ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಊರ ಮುಂದೆ ಎತ್ತಿ ಒಂದು ಗುಟುಕು ಕುಡಿದೆಯಲ್ಲ! ಹೆಣ್ಣುಮಗಳು, ಹಗಲು ಹೊತ್ತಿನಲ್ಲಿ, ಸ್ಟೇಜ್ ಮೇಲೆ. ಬಾಯಿ ಒರೆಸಿಕೊಂಡು ನನಗೆ ಕೊಟ್ಟೆ. ನಾನೂ ಕುಡಿದೆ. ಬರೀ ನೀರು, ಬೆಚ್ಚಗಿತ್ತು. ಅಷ್ಟರಲ್ಲಿ ನನಗೆ ಅಳು ಬಂದು ಅಂಟಿಸಿದ್ದ ಮೀಸೆ ಒಂದು ಕಡೆ ಬಿಟ್ಟುಕೊಂಡಿತು. ಮೇಷ್ಟ್ರು ಸಮಯ ನೋಡಿ ಹಾರ್ಮೋನಿಯಂ ಒತ್ತಿದರು. ಅಂದು ನಾನು ಹೇಳಿದ ಪದ್ಯ ಬಸ್ ಸ್ಟ್ಯಾಂಡಿಗೂ ಕೇಳಿಸಿತು ಎಂದು ಮಲ್ಲೇಶ ಹೇಳಿದ.

ಈಗ ಇವತ್ತಿನ ಸುದ್ದಿ. ಬೆಳಿಗ್ಗೆ ದೊಡ್ಡರಂಗಪ್ಪನವರು ಬಂದರು. ಹೊಸಿಲಾಚೆ ಸ್ವಲ್ಪ ಹೊತ್ತು ನಿಂತರು, ಬಿಸಿಲು ಜೋರಾಗಿತ್ತು, ಮೆಲ್ಲಗೆ ಒಳಗೆ ಬಂದು ಪಡಸಾಲೆಯಲ್ಲಿ ಕೂತರು. ಗಂಟಲು ಕೆರೆದುಕೊಂಡು, “ನರಸಯ್ಯ, ನಂಗೂ ಗಂಟ್ಲು ಕಟ್ಟದೆ, ಎದೆ ಉರೀತದೆ. ಆ ನಿನ್ನ ಕಷಾಯ ಒಂಚೂರು ಇದ್ರೆ ಕೊಡಯ್ಯ,” ಅಂದರು.

“ಬಿಪಿ ಮಾತ್ರೆ ನುಂಗ್ತೀರಾ?” ಎಂದು ಕೇಳಿದೆ.

“ಹೂಂ, ನುಂಗ್ತೀನಿ.”

“ಯಾವ್ದು? ನೀರು ಹೋಗೋದೂ ಐತಾ ಅದ್ರಾಗೆ?”

“ಐತಂತೆ. ಯಾಕೆ?”

ಅಟ್ಟದ ಮೇಲೆ ಡಬ್ಬಿಯಲ್ಲಿ ಕಡ್ಡಿ ಇನ್ನೂ ಇತ್ತು ಮಗಳೇ. ಅವರ ಮನೆಯ ಬಾಗಿಲಲ್ಲಿ ಕಾಗದ ಹಿಡಿದು ನಿಂತ ನನಗೆ, ಬಿಸಿಲಿನಲ್ಲಿ ಬಾಯಾರಿ ನೀರು ಕೇಳಿದಾಗಲೆಲ್ಲ, ಅವರ ಕಡೆಯವರು ಇಲ್ಲ ಅಂದದ್ದು ನೆನಪಿಗೆ ಬಂತು. ಅವರ ಮುಖವನ್ನು ನೇರವಾಗಿ ನೋಡಿ ಹೇಳಿದೆ.

“ಕೊಡಾಕಿಲ್ಲ. ನಿಮ್ಗೆ ಆಗ್ಬರಾಕಿಲ್ಲ ಅದು. ನಾಳೆ ಬಸ್ಸಿಗೆ ಪಾವಗಡಕ್ಕೆ ಹೋಗಿ, ನನ್ನ ಮಗಳು ಕೂತವ್ಳೆ. ಏನೇನು ತಿಂತೀರಿ, ಏನೇನು ಕುಡಿತೀರಿ, ಒಂದೂ ಬಿಡದಂಗೆ ಅವಳ ಮುಂದೆ ಹೇಳಿ.”

ಬರುತ್ತಾರೆ. ಕ್ಯೂನಲ್ಲೇ ನಿಲ್ಲಿಸು.

ನಿನ್ನ ಅಪ್ಪ